ಆಷಾಢದ ಹೆಪ್ಪು

ಶಿವನು ಚಂದ್ರನನ್ನು ತಲೆಯಲ್ಲಿ ಮುಡಿದಿದ್ದಾನೆ ಎಂದು ನಮ್ಮ ಹಿರಿಯರು ಹಾಡಿಕೊಂಡು ಬಂದರು. ಆ ಚಂದ್ರನ ಮೇಲೊಂದು ಊರು ಎದ್ದೀತು, ಅಲ್ಲಿ ಅನ್ನ ಬೆಂದೀತು, ಮದುವೆ ನಡೆದೀತು, ಅತ್ತೆ ಸೊಸೆಯರು ಮುನಿಸಿಕೊಂಡಾರು ಎಂದು ಅವರು ಎಣಿಸಿರಲಿಲ್ಲ. ಶಿವ ಎಣಿಸಿರಬೇಕು. ಅವನ ಮುಡಿಯಲ್ಲಿ ಎಲ್ಲಕ್ಕೂ ಜಾಗವಿದೆ.

ಊರಿನ ಹೆಸರು ತಿಂಗಳೂರು. ಗಾಜಿನ ಗುಮ್ಮಟಗಳ ಕೆಳಗೆ, ನೆಲ ಕೊರೆದ ಸುರಂಗಗಳ ಉದ್ದಕ್ಕೆ ಮನೆಗಳು. ಉಸಿರಾಡುವ ಗಾಳಿಯನ್ನು ಯಂತ್ರ ತಯಾರಿಸಬೇಕು, ಕುಡಿಯುವ ನೀರನ್ನು ಕಲ್ಲಿನಿಂದ ಹಿಂಡಬೇಕು. ಹಾಗಾಗಿ ಅಲ್ಲಿ ಯಾರು ಇರಬಹುದು ಎಂಬುದಕ್ಕೆ ಮಿತಿ ಇತ್ತು. ಮೊದಲು ಬಂದು ನೆಲೆ ನಿಂತವರು ಮತ್ತು ಅಲ್ಲೇ ಹುಟ್ಟಿದವರು ಪ್ರಜೆಗಳು. ಉಳಿದವರು ಗಡುವಿನ ಮೇಲೆ ಬಂದು, ಕೆಲಸ ಮುಗಿಸಿ, ಭೂಮಿಗೆ ಮರಳಬೇಕು. ಪ್ರಜೆಯನ್ನು ಮದುವೆಯಾದವರಿಗೆ ಮಾತ್ರ ಕಾಯಂ ವಾಸದ ಹಕ್ಕು ಕೇಳುವ ಅವಕಾಶವಿತ್ತು.

ಗಾಳಿಗೆ ಬೆಲೆ ಬಂದ ಮೇಲೆ ಸುಳ್ಳು ಮದುವೆಗಳೂ ಬಂದವು. ಫೋಟೋ ನಂಬುವಂತಿಲ್ಲ, ನೆರೆಯವರ ಮಾತು ನಂಬುವಂತಿಲ್ಲ. ಕೊನೆಗೆ ವಿಜ್ಞಾನಿಗಳು ಸುಳ್ಳು ಹೇಳಲಾರದ ಒಬ್ಬ ಸಾಕ್ಷಿಯನ್ನು ಹುಡುಕಿಕೊಟ್ಟರು. ಅದು ಮನುಷ್ಯನ ಅಂಗಾಲು.

ನಮ್ಮ ಅಂಗಾಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ದೊಡ್ಡ ಬಳಗವೇ ಇರುತ್ತದೆ. ಒಂದೇ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಇಬ್ಬರ ಬಳಗಗಳು ಮೆಲ್ಲಗೆ ಬೆರೆಯುತ್ತವೆ. ಇವನ ಹೆಜ್ಜೆಯ ಮೇಲೆ ಅವಳ ಹೆಜ್ಜೆ ಬಿದ್ದಂತೆ, ಕೆಲವು ತಿಂಗಳಲ್ಲಿ ಇಬ್ಬರ ಅಂಗಾಲೂ ಒಂದೇ ಮನೆತನದ್ದಾಗಿಬಿಡುತ್ತದೆ. ಭೂಮಿಯ ಧೂಳಿನಲ್ಲಿ ಎಲ್ಲರ ಬಳಗವೂ ಕಲಸಿಹೋಗುತ್ತದೆ, ತಿಂಗಳೂರಿನ ಮುಚ್ಚಿದ ಮನೆಗಳಲ್ಲಿ ಮಾತ್ರ ಕಲಸುವುದಿಲ್ಲ. ಅದನ್ನು ಓದುವ ಯಂತ್ರಕ್ಕೆ ಪಾದಸಾಕ್ಷಿ ಎಂದು ಹೆಸರಿಟ್ಟರು. ಕೆಳಗೆ ನೀಲಿ ಬೆಳಕು ಹರಿಯುವ ಒಂದು ಗಾಜಿನ ಹಲಗೆ, ಅಷ್ಟೆ.

ಆ ಹಲಗೆಯ ಮೇಲೆ ಮರುಳಸಿದ್ಧ ಮತ್ತು ದಾಕ್ಷಾಯಿಣಿ ಎರಡನೆಯ ಸಲ ನಿಂತಿದ್ದರು. ಅವನು ಅಲ್ಲೇ ಹುಟ್ಟಿದವನು, ಸುರಂಗದ ಗಾಳಿಕೊಳವೆಗಳ ರಿಪೇರಿಯವನು. ಅವಳು ತಿಪಟೂರಿನ ಕಡೆಯಿಂದ ಸೊಪ್ಪು ಬೆಳೆಸುವ ಕೆಲಸಕ್ಕೆ ಗಡುವಿನ ಮೇಲೆ ಬಂದವಳು. ಮೆಂತ್ಯದ ಮಡಿಯ ಪಕ್ಕದಲ್ಲಿ ಮಾತು ಬೆಳೆದು ಮದುವೆಯಾಯಿತು. ಮೊದಲ ಅಳತೆಯಲ್ಲಿ ಇಬ್ಬರ ಅಂಗಾಲೂ ಅರ್ಧಕ್ಕೂ ಹೆಚ್ಚು ಹೊಂದಿತ್ತು.

ಪರೀಕ್ಷೆ ಮಾಡುವ ಫ್ಲೋರಿನ್ ಕ್ರಾಸ್ತಾ ಮಂಗಳೂರಿನವಳು. ಪರದೆ ನೋಡಿ ಅವಳ ಹುಬ್ಬು ಗಂಟಾಯಿತು.

"ಎಂತ ಆಯ್ತು ಇದು? ಈ ಗೆರೆ ಏರ್ಬೇಕು, ಇಳಿಯೋದು ಅಂತ ಇಲ್ಲ. ನಿಮ್ದು ಕಾಲುಭಾಗಕ್ಕೆ ಬಂದು ಕೂತಿದೆ. ನೀವಿಬ್ರು ಒಟ್ಟಿಗೆ ಇರ್ಲಿಲ್ವಾ?"

ಮರುಳಸಿದ್ಧ ಹೆಂಡತಿಯ ಮುಖ ನೋಡಿದ. ಅವಳು ತಡವರಿಸದೆ ಹೇಳಿದಳು. "ಇರ್ಲಿಲ್ಲ ಮೇಡಂ. ಆಷಾಢ ಇತ್ತಲ್ಲ. ಹೊಸದಾಗಿ ಮದುವೆಯಾದವಳು ಗಂಡನ ಮನೇಲಿ ಇರಬಾರ್ದು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರ್ದು. ಅದಕ್ಕೆ ಸೊಪ್ಪಿನ ತೋಟದ ಹೆಂಗಸರ ಬಿಡಾರದಲ್ಲಿದ್ದೆ."

"ಆಟಿ ತಿಂಗಳು ಅಂತ ನಮ್ಮ ಊರಲ್ಲೂ ಉಂಟು. ಆದ್ರೆ ಇಲ್ಲಿ ಎಂತ ಆಷಾಢ ಮಾರಾಯ್ತಿ? ಮಳೆ ಇಲ್ಲ, ಗಾಳಿ ಇಲ್ಲ, ಹೊಸ್ತಿಲೂ ಇಲ್ಲ. ಇರೋದು ಗಾಳಿಬಾಗಿಲು." ಹೊರಗಿನ ಸುರಂಗಕ್ಕೂ ಮನೆಗೂ ನಡುವೆ ಎರಡು ಕದಗಳ ಸಣ್ಣ ಕೋಣೆಯಿತ್ತು, ಅದನ್ನೇ ಊರವರು ಗಾಳಿಬಾಗಿಲು ಎನ್ನುತ್ತಿದ್ದರು.

"ನಮ್ಮತ್ತೆಗೆ ಅದೇ ಹೊಸ್ತಿಲು ಮೇಡಂ. ದಿನಾ ಕುಂಕುಮ ಇಡ್ತಾರೆ."

ಫ್ಲೋರಿನ್ ಮತ್ತೆ ಪರದೆಗೆ ತಿರುಗಿದಳು. "ಆದ್ರೂ ಒಂದು ತಿಂಗಳಿಗೆ ಇಷ್ಟು ಇಳಿಯೋದಿಲ್ಲ."

"ಒಂದೂವರೆ ತಿಂಗಳು," ಎಂದ ಮರುಳಸಿದ್ಧ, ನೆಲ ನೋಡುತ್ತ. "ಅವ್ವ ಲೆಕ್ಕ ತಪ್ಪಿದ್ರು."

"ಮತ್ತೆ ಯಾವಾಗ ಮನೆಗೆ ಬಂದದ್ದು?"

"ನಿನ್ನೆ, ಭೀಮನ ಅಮಾವಾಸ್ಯೆಗೆ," ಎಂದಳು ದಾಕ್ಷಾಯಿಣಿ. "ಬಂದವಳೇ ಇವರ ಪಾದ ತೊಳೆದು ಪೂಜೆ ಮಾಡ್ದೆ. ಬಿಸಿನೀರು, ಅರಿಶಿನ ಹಾಕಿ. ನನ್ನ ಕಾಲಿಗೂ ಅತ್ತೆ ಅರಿಶಿನ ಹಚ್ಚಿದ್ರು."

ಫ್ಲೋರಿನ್ ಹಣೆಗೆ ಕೈ ಹಚ್ಚಿದಳು. "ಉಳಿದಿದ್ದ ನಾಲ್ಕು ಸಾಕ್ಷಿಗಳಿಗೂ ಎಣ್ಣೆ ಅರಿಶಿನ ಹಚ್ಚಿ ಕಳಿಸಿಕೊಟ್ರಿ ಅಂತಾಯ್ತು!"

ನಗು ಬಂದರೂ ಯಾರೂ ನಗಲಿಲ್ಲ. ವಾಸದ ಹಕ್ಕನ್ನು ತೀರ್ಮಾನಿಸುವ ಮಂಡಳಿ ನಾಡಿದ್ದು ಸೇರುತ್ತಿತ್ತು. ಗಡುವು ಮುಗಿದವರನ್ನು ಕರೆದೊಯ್ಯುವ ಹಡಗು ಸೂರ್ಯ ಮೂಡುವ ಮೊದಲೇ ಹೊರಡುವುದಿತ್ತು. ಹೋದವಳು ಹೋದಂತೆಯೇ. ಹಿಂಬಾಲಿಸೋಣವೆಂದರೆ ಮರುಳಸಿದ್ಧನ ಕೈಲಾಗದು. ಚಂದ್ರನ ಹಗುರದಲ್ಲಿ ಬೆಳೆದ ಅವನ ಮೂಳೆ, ಅವನ ಎದೆಗುಂಡಿಗೆ, ಭೂಮಿಯ ಭಾರವನ್ನು ತಡೆಯುವಂಥವಲ್ಲ.

ಹಲಗೆಯಿಂದ ಇಳಿಯುವಾಗ ದಾಕ್ಷಾಯಿಣಿಯ ಹೆಜ್ಜೆ ತಪ್ಪಿತು. ಇಲ್ಲಿಯ ನಡಿಗೆ ಅವಳಿಗಿನ್ನೂ ಪೂರ್ತಿ ಒಗ್ಗಿರಲಿಲ್ಲ. ಮೇಲಕ್ಕೆ ತೇಲಿ, ನಿಧಾನಕ್ಕೆ ಇಳಿದು, ಗಾಜಿಗೆ ಅಂಗೈ ಊರಿದಳು. ಹಿಡಿಯಲು ಬಗ್ಗಿದ ಮರುಳಸಿದ್ಧನ ಅಂಗೈಯೂ ಪಕ್ಕದಲ್ಲೇ ಊರಿತು. ಯಂತ್ರಕ್ಕೆ ಕಾಲು ಯಾವುದು, ಕೈ ಯಾವುದು ಎಂಬ ಭೇದವಿಲ್ಲ. ಅದು ಓದಿಕೊಂಡಿತು.

*

ಮನೆಯಲ್ಲಿ ಮರುಳಸಿದ್ಧನ ತಾಯಿ ಶಿವನಂಜಮ್ಮ ಮಾತು ಕೇಳಿ ಕೂತಲ್ಲೇ ಕೂತಳು. ಮೊದಲ ಹಡಗಿನಲ್ಲಿ ಬಸುರಿಯಾಗಿ ಬಂದವಳು ಅವಳು. ಶಿವನ ತಲೆಯ ಮೇಲೆ ಚಪ್ಪಲಿ ಮೆಟ್ಟಬಾರದು ಎಂದು ಅಂದಿನಿಂದ ಇಂದಿನವರೆಗೂ ಮನೆಯೊಳಗೆ ಬರಿಗಾಲು. ಎದುರಿನ ಕಿಟಕಿಯಲ್ಲಿ ಭೂಮಿ ತುಂಬಿ ನಿಂತು ನೀಲಿ ಬೆಳಕು ಸುರಿಯುತ್ತಿತ್ತು.

ಆ ಭೂಮಿಯೇ ಅವಳ ದಾರಿ ತಪ್ಪಿಸಿದ್ದು. ಆಕಾಶ ನೋಡಿ ತಿಥಿ ಹೇಳುವ ಮನೆತನದವಳು ತಾನು, ಪಂಚಾಂಗ ಯಾತಕ್ಕೆ ಎಂಬುದು ಅವಳ ಧೈರ್ಯ. ಭೂಮಿ ಕಪ್ಪಾದ ದಿನವೇ ಅಮಾವಾಸ್ಯೆ ಎಂದುಕೊಂಡು ಅಂದೇ ಸೊಸೆಯನ್ನು ಬಿಡಾರಕ್ಕೆ ಕಳಿಸಿದಳು. ತಿಂಗಳು ತುಂಬಿ ಇನ್ನೇನು ಕರೆಸಬೇಕು, ಅಷ್ಟರಲ್ಲಿ ತಿಪಟೂರಿನಿಂದ ತಮ್ಮನ ಫೋನು ಬಂತು. "ಅಕ್ಕಯ್ಯ, ಇವತ್ತು ಇಲ್ಲಿ ಹುಣ್ಣಿಮೆ. ನಿಮ್ಮೂರು ಏನ್ ಹೊಳೀತೈತೆ ಅಂತೀಯಾ!" ಭೂಮಿಯವರಿಗೆ ಚಂದ್ರ ತುಂಬಿದಾಗ ಚಂದ್ರನವರಿಗೆ ಭೂಮಿ ಕಪ್ಪು. ಚಂದ್ರ ಕಾಣದಾದಾಗ ಇಲ್ಲಿ ಭೂಮಿ ತುಂಬುತ್ತದೆ. ಅವಳ ಲೆಕ್ಕ ಹದಿನೈದು ದಿನ ತಲೆಕೆಳಗಾಗಿತ್ತು. ಆಷಾಢ ಅರ್ಧ ಉಳಿದಿತ್ತು. ದೋಷ ಬೇಡವೆಂದು ಸೊಸೆಯನ್ನು ಇನ್ನೂ ಒಂದು ಪಕ್ಷ ಅಲ್ಲೇ ಇರಿಸಿದಳು.

"ಹುಷಾರಿಲ್ದೆ ಆಸ್ಪತ್ರೇಲಿದ್ಲು ಅಂದಿದ್ರೆ ಮುಗೀತಿತ್ತು," ಎಂದ ಮರುಳಸಿದ್ಧ.

"ಶಿವನ ತಲೆ ಮೇಲೆ ಕೂತ್ಕಂಡು ಸುಳ್ಳು ಹೇಳ್ತೀಯೇನೋ?"

"ಸುಳ್ಳು ಹೇಳ್ಲಿಲ್ವಲ್ಲವ್ವ. ಅದಕ್ಕೇ ಇಂಗೆ ಕೂತಿದೀವಿ."

ದಾಕ್ಷಾಯಿಣಿ ಅತ್ತೆಯ ಪಕ್ಕ ಬಂದು ಕೂತಳು. "ನೀವು ಅಳಬ್ಯಾಡಿ ಅತ್ತೆ. ಇಲ್ಲಿ ಕಣ್ಣೀರೂ ಬೇಗ ಕೆಳಗಿಳಿಯಲ್ಲ, ಕೆನ್ನೆ ಮ್ಯಾಲೇ ಕೂತಿರ್ತದೆ, ನೋಡಾಕೆ ಚಂದಾಗಿರಲ್ಲ."

"ನಗಸ್ತೀಯಾ ನನ್ನ? ಒಂದು ತಿಂಗಳು ಆಷಾಢ ಮಾಡಾಕೋಗಿ ಬಾಳೆಲ್ಲ ಆಷಾಢ ಮಾಡ್ಬಿಟ್ನಲ್ಲೇ." ಶಿವನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಹಾಲಿಗೆ ಹೆಪ್ಪು ಹಾಕಿದಳು. ಬಾಳು ಏನೇ ಆಗಲಿ, ಹಾಲು ಕಾಯುವುದಿಲ್ಲ.

*

ಪ್ರಯೋಗಾಲಯದಲ್ಲಿ ಫ್ಲೋರಿನ್ ವರದಿ ಮುಗಿಸಲು ಕೂತಿದ್ದಳು. ಮುಗಿಸುವ ಮುನ್ನ ಎಲ್ಲ ಗುರುತುಗಳನ್ನೂ ಇನ್ನೊಮ್ಮೆ ಹರವಿ ನೋಡುವುದು ಅವಳ ರೂಢಿ. ನಾಲ್ಕು ಅಂಗಾಲು. ಅದರಾಚೆಗೆ ಎರಡು ಅಂಗೈ.

ಎರಡೂ ಅಂಗೈಯಲ್ಲಿ ಒಂದು ಗೆರೆ ದಟ್ಟವಾಗಿ ಹೊಳೆಯುತ್ತಿತ್ತು. ಯಂತ್ರದ ನೆನಪಿನಲ್ಲಿ ಅದಕ್ಕೆ ಹೆಸರಿರಲಿಲ್ಲ.

ಅವಳು ಕುರ್ಚಿ ಹತ್ತಿರಕ್ಕೆಳೆದುಕೊಂಡಳು. ದೊಡ್ಡದು ಮಾಡಿ ನೋಡಿದರೆ ಮೊಸರಿನ ಜೀವಿ. ಆದರೆ ಊರಿನ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ ಮೊಸರಿನದಲ್ಲ, ಯಾವುದೋ ಹಳೆಯ ವಂಶ. ಇಂಥ ಜೀವಿಗಳು ಒಂದು ಗಳಿಗೆಯಲ್ಲಿ ಒಂದು ತಲೆಮಾರು ಕಾಣುವಂಥವು. ಒಂದೇ ತಾಯಿಯ ಮಕ್ಕಳನ್ನು ಎರಡು ಮನೆಯಲ್ಲಿಟ್ಟರೆ, ಹಾಲು ಬೇರೆ, ಬಿಸಿ ಬೇರೆ, ಕೆಲವೇ ದಿನಗಳಲ್ಲಿ ದಾಯಾದಿಗಳಾಗಿ ದೂರ ಸರಿಯುತ್ತವೆ. ಇವರಿಬ್ಬರು ಒಂದೂವರೆ ತಿಂಗಳು ಊರಿನ ಎರಡು ತುದಿಯಲ್ಲಿದ್ದವರು. ಕೈಯಲ್ಲಿರುವ ವಂಶ ಮಾತ್ರ ಒಡೆದಿರಲಿಲ್ಲ. ಕವಲೊಡೆದಲ್ಲೆಲ್ಲ ಮತ್ತೆ ಕೂಡಿಕೊಂಡಿತ್ತು, ಜಡೆ ಹೆಣೆದ ಹಾಗೆ.

"ಇದು ಹೇಗಪ್ಪಾ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ.

ಮಂಡಳಿಯ ಅಧ್ಯಕ್ಷರಾದ ಇನಾಮದಾರರಿಗೆ ಫೋನು ಮಾಡಿದಳು. ವಿಜಯಪುರದ ಕಡೆಯ ಹಿರಿಯರು ಅವರು, ಕಾಯ್ದೆ ಬಿಟ್ಟು ಅತ್ತಿತ್ತ ಕದಲದವರು.

"ಮೊಸರು ಅಂತ ಕಾಯ್ದೆದಾಗ ಇಲ್ರಿ, ಫ್ಲೋರಿನ್ ಬಾಯಿ. ಒಂದು ಸೂರು, ಒಂದು ನೆಲ ಅಂತೈತಿ. ಮತ್ತ ನಿನ್ನೆ ಹಬ್ಬದ ಊಟ ಕೂಡೇ ಮಾಡ್ಯಾರ ಅಂತೀರಿ. ಒಂದು ಊಟಕ್ಕ ಅದು ಕೈಗೆ ಹತ್ತೂದಿಲ್ಲೇನು?"

"ಗೊತ್ತಿಲ್ಲ ಸರ್."

"ಗೊತ್ತು ಮಾಡ್ಕೊಂಡು ಬರ್ರಿ. ನಾಡಿದ್ದು ಕೇಳ್ತೀನಿ."

*

ಗಡಿಯಾರದಲ್ಲಿ ಆಗ ಮಧ್ಯಾಹ್ನ. ಆದರೆ ತಿಂಗಳೂರಿನ ಮೇಲೆ ಸೂರ್ಯ ಮುಳುಗಿ ವಾರವಾಗಿತ್ತು, ಮೂಡಲು ಇನ್ನೊಂದು ವಾರ ಬೇಕಿತ್ತು. ಫ್ಲೋರಿನ್ ಗಾಳಿಬಾಗಿಲು ದಾಟಿ ಬಂದಾಗ ಶಿವನಂಜಮ್ಮನ ದೇವರ ಗೂಡಿನಲ್ಲಿ ಪುಟ್ಟ ವಿದ್ಯುದ್ದೀಪ ಉರಿಯುತ್ತಿತ್ತು. ಸೂರ್ಯ ಮುಳುಗಿದ ದಿನ ಹಚ್ಚಿದ್ದು, ಮೂಡಿದ ಮೇಲೆ ಆರಿಸುವುದು.

"ಬಾರವ್ವ ಡಾಕ್ಟ್ರಮ್ಮ. ಬೂಟು ಅಲ್ಲೇ ಬಿಚ್ಚು."

ಫ್ಲೋರಿನ್ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತಳು. ನೆಲ ಬೆಚ್ಚಗಿತ್ತು. ಹೊಸ ಗಾಜಿನ ಬಟ್ಟಲು ಮುಂದೆ ಹಿಡಿದಳು. "ನಿಮ್ಮ ಮನೆ ಮೊಸರಿಗೆ ಹಾಕುವ ಹೆಪ್ಪು ಒಂದು ಚಮಚ ಬೇಕಿತ್ತು ಅಮ್ಮ. ಪರೀಕ್ಷೆಗೆ."

ಶಿವನಂಜಮ್ಮನ ಕೈ ಹಿಂದೆ ಸರಿಯಿತು. "ದೀಪ ಹಚ್ಚೈತಲ್ಲವ್ವ. ಹೊತ್ತು ಮುಳುಗಿದ ಮ್ಯಾಲೆ ಹೆಪ್ಪು ಹೊರಗೆ ಕೊಡಬಾರ್ದು. ಲಕ್ಷ್ಮಿ ಎದ್ದು ಹೋಗ್ತಾಳೆ. ಬೆಳಗಾದ ಮ್ಯಾಲೆ ಬಾ."

"ಬೆಳಗಾಗ್ಲಿಕ್ಕೆ ಇನ್ನೂ ಒಂದು ವಾರ ಉಂಟು! ಅಷ್ಟರಲ್ಲಿ ನಿಮ್ಮ ಸೊಸೆ ಹಡಗಿನಲ್ಲಿರ್ತಾಳೆ."

ಮರುಳಸಿದ್ಧ ತಾಯಿಯನ್ನು ನೋಡಿದ, ದಾಕ್ಷಾಯಿಣಿ ತಲೆ ತಗ್ಗಿಸಿದಳು. ಅತ್ತೆಯ ಎದುರು ಅವಳು ಕೊಡಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಫ್ಲೋರಿನ್ ತಡೆಯಲಾಗದೆ ಕೇಳಿಯೇಬಿಟ್ಟಳು. "ಒಂದು ಮಾತು ಹೇಳಿ ಅಮ್ಮ. ಇವಳು ಅಲ್ಲಿ, ನೀವು ಇಲ್ಲಿ. ಮತ್ತೆ ಇಬ್ಬರ ಮೊಸರೂ ಒಂದೇ ಆಗಿ ಉಳಿದದ್ದು ಹೇಗೆ?"

"ಅದ್ರಾಗೇನೈತೆ? ದಿನಾ ಬಟ್ಟಲು ಬದಲಾಯಿಸ್ತಿದ್ವಿ." ಶಿವನಂಜಮ್ಮ ಗಾಳಿಬಾಗಿಲ ಕಡೆ ಕೈ ತೋರಿದಳು. "ಎರಡು ಕದದ ಮಧ್ಯೆ ಒಂದು ಗೂಡೈತೆ. ಆ ಕಡೆಯಿಂದ ಅವಳು ಅವಳ ಹೆಪ್ಪು ಇಟ್ಟು ಹೋಗೋಳು. ಈ ಕಡೆಯಿಂದ ನಾನು ನಂದು ಇಟ್ಟು ಅವಳದ್ದು ತಗೊಳ್ತಿದ್ದೆ. ಹೊಸ್ತಿಲು ಅವಳೂ ದಾಟಲಿಲ್ಲ, ನಾನೂ ದಾಟಲಿಲ್ಲ. ಬಟ್ಟಲು ದಾಟಬಾರ್ದು ಅಂತ ಯಾವ ಶಾಸ್ತ್ರದಾಗೂ ಇಲ್ಲ."

"ಯಾಕೆ ಬದಲಾಯಿಸ್ಬೇಕು?"

"ತವರಿಗೆ ಹೋಗೋ ತಿಂಗಳು ಕಣವ್ವ ಅದು. ಇಲ್ಲಿ ಅವಳಿಗೆ ತವರೆಲ್ಲೈತೆ? ಆ ಬಿಡಾರದಾಗೆ ಒಬ್ಬಳೇ ಕೂತು ಉಣ್ತಾಳೆ. ಒಂದೇ ಹೆಪ್ಪಿನ ಮೊಸರು ಉಂಡ್ರೆ ಒಂದೇ ಪಂಕ್ತಿಲಿ ಕೂತಂಗೆ ಅಂತ." ದನಿ ಸ್ವಲ್ಪ ತಗ್ಗಿತು. "ಊರಿಂದ ಬರುವಾಗ ನಮ್ಮತ್ತೆ ಬಟ್ಟೆ ಚೂರು ಮೊಸರಾಗೆ ಅದ್ದಿ, ನೆರಳಾಗೆ ಒಣಗಿಸಿ, ಸೆರಗಿಗೆ ಕಟ್ಟಿ ಕಳಿಸಿದ್ರು. ಇಲ್ಲಿ ಕೆಚ್ಚಲಿಲ್ಲದ ಹಾಲು, ತೊಟ್ಟಿಯಾಗೆ ಬೆಳೆಸೋದು. ಹೆಪ್ಪು ಹಿಡೀತದೋ ಇಲ್ಲವೋ ಅಂತ ಅವತ್ತು ಉಪಾಸ ಇದ್ದೆ. ಬೆಳಗ್ಗೆ ನೋಡಿದ್ರೆ ಮಲ್ಲಿಗೆ ಹಂಗೆ ಕೂತಿತ್ತು."

ಫ್ಲೋರಿನ್ ಕೇಳುತ್ತ ನಿಂತವಳು ತಟ್ಟನೆ ಹೇಳಿದಳು. "ಈಗ ವಾರದಿಂದ ಕತ್ತಲು. ಈ ಕತ್ತಲಲ್ಲೂ ಇವಳಿಗೆ ಕೊಟ್ಟಿದ್ದೀರಲ್ಲ?"

"ಕೊಟ್ಟಿದೀನಿ."

"ನನಗೆ ಮಾತ್ರ ಆಗೋದಿಲ್ಲ?"

"ಸೊಸೆಗೆ ಕೊಡೋದು ಹೊರಗೆ ಕೊಟ್ಟಂಗೆ ಹೆಂಗಾಗ್ತದೆ?" ಶಿವನಂಜಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅವಳು ಮನೆಯವಳು. ನೀನು..." ಅಲ್ಲಿಗೆ ನಿಲ್ಲಿಸಿ ಫ್ಲೋರಿನ್‌ಳ ಬರಿಗಾಲು ನೋಡಿದಳು, ಕೈಯ ಖಾಲಿ ಬಟ್ಟಲು ನೋಡಿದಳು. "ನೀನು ಊಟ ಮಾಡಿದ್ಯಾ?"

"ಇಲ್ಲ. ಹಾಸ್ಟೆಲಲ್ಲಿ ಪ್ಯಾಕೆಟ್ ಉಂಟು."

"ಹಂಗಾದ್ರೆ ಆ ಬಟ್ಟಲು ಕೆಳಗಿಡು, ಕೈ ತೊಳ್ಕಂಡು ಕೂರು. ಕೊಡಬಾರ್ದು ಅಂತೈತೆ. ಬಡಿಸಬಾರ್ದು ಅಂತಿಲ್ಲ. ಏ ದಾಕ್ಷಿ, ತಟ್ಟೆ ಹಾಕೇ."

ಸೊಪ್ಪಿನ ಸಾರು, ಅನ್ನ, ಕೊನೆಗೆ ಗಡ್ಡೆ ಮೊಸರು. ಫ್ಲೋರಿನ್ ಚಮಚ ಕೇಳಿದಳು. "ಚಮಚ ಗಿಮಚ ಬ್ಯಾಡ. ಕೈಲಿ ಕಲಸು," ಎಂದಳು ಶಿವನಂಜಮ್ಮ. ಫ್ಲೋರಿನ್ ಕಲಸಿದಳು. ಕಲಸುತ್ತಿದ್ದಂತೆ ಒಂದು ಸಂಗತಿ ಹೊಳೆದು ಅವಳ ಕೈ ನಿಂತಿತು. ಅಧ್ಯಕ್ಷರ ಪ್ರಶ್ನೆಗೆ ಉತ್ತರ ಬಟ್ಟಲಿನಲ್ಲಿರಲಿಲ್ಲ. ಒಂದು ಊಟಕ್ಕೆ ಅದು ಕೈಗೆ ಹತ್ತುತ್ತದೋ ಇಲ್ಲವೋ? ಈ ಮನೆಯಲ್ಲಿ ಒಂದೇ ಒಂದು ಊಟ ಮಾಡಿದವಳೆಂದರೆ ತಾನೇ. ಅವಳು ಅಂಗೈ ತಿರುಗಿಸಿ ನೋಡಿಕೊಂಡಳು.

"ಯಾಕವ್ವ, ಹುಳಿ ಆಯ್ತಾ?"

"ಇಲ್ಲ ಅಮ್ಮ, ಸರಿಯಾಗಿದೆ," ಎಂದಳು ಫ್ಲೋರಿನ್. "ಇನ್ನೊಂದು ಸೌಟು ಹಾಕಿ."

ಹೊರಡುವಾಗ ಅತ್ತೆಯ ಅಂಗೈಯ ಗುರುತನ್ನೂ ಒಂದು ಗಾಜಿನ ಚೂರಿನ ಮೇಲೆ ತೆಗೆದುಕೊಂಡು ಹೋದಳು. ಅದಕ್ಕೆ ಶಾಸ್ತ್ರದ ಅಡ್ಡಿ ಇರಲಿಲ್ಲ.

*

ಮಂಡಳಿಯ ಕೋಣೆಯಲ್ಲಿ ನಾಲ್ಕು ಅಂಗೈಗಳು ಗೋಡೆಯ ಮೇಲೆ ಬೆಳಗುತ್ತಿದ್ದವು. ಗಂಡನದು, ಹೆಂಡತಿಯದು, ಅತ್ತೆಯದು, ಫ್ಲೋರಿನ್‌ಳದು. ಎದುರಿನ ಬೆಂಚಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದರು.

"ಇದು ನನ್ನ ಕೈ ಸರ್," ಎಂದಳು ಫ್ಲೋರಿನ್. "ಮೊನ್ನೆ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ. ಉಂಡು ಬಂದ ಕೂಡಲೇ ನೋಡಿದೆ, ಗೆರೆ ಇತ್ತು. ನಿನ್ನೆ ನೋಡಿದೆ, ಮಸುಕು. ಇವತ್ತು ಬೆಳಿಗ್ಗೆ ಇಲ್ಲ. ನೆಂಟರ ಹಾಗೆ ಬಂದು ಎದ್ದು ಹೋಗಿದೆ. ಇವಳ ಕೈ ನೋಡಿ. ಹಬ್ಬದ ಒಂದು ಊಟದ್ದಾಗಿದ್ರೆ ನನ್ನ ಹಾಗೇ ಇರ್ಬೇಕಿತ್ತು. ಇಲ್ಲಿ ಅದು ಸಂಸಾರ ಹೂಡಿದೆ. ಬೇರೆ ಇದ್ದ ಅಷ್ಟೂ ದಿನ, ದಿನಾ ಆ ಮನೆಯಿಂದ ಬಂದು, ದಿನಾ ಆ ಮನೆಗೆ ಹೋಗಿ ಬೆರೆತಿದೆ. ಗಂಡನ ಕೈಯಲ್ಲಿ, ಅತ್ತೆಯ ಕೈಯಲ್ಲಿ, ಮೂರು ಕಡೆಯೂ ಅದೇ ಜಡೆ."

ಇನಾಮದಾರರು ಕನ್ನಡಕ ತೆಗೆದು ಒರೆಸಿದರು. "ಕಾಯ್ದೆ ನೆಲ ಅಂತೈತಿ. ಇವರು ನೆಲ ಬಿಟ್ಟಿದ್ದು ಖರೆ."

"ಖರೆ ಸರ್. ಅವರೇ ಹೇಳಿದ್ರು. ಒಂದು ಸಂಗತಿ ಯೋಚನೆ ಮಾಡಿ. ಸುಳ್ಳು ಮದುವೆಯವರು ಇಷ್ಟು ವರ್ಷದಲ್ಲಿ ಎಷ್ಟೋ ಜನ ಆ ಹಲಗೆ ಮೇಲೆ ನಿಂತಿದ್ದಾರೆ. ಪರೀಕ್ಷೆ ಮುಗಿಯೋ ತನಕ ಅವರು ಒಂದು ಗಳಿಗೆ ಬೇರೆ ಇರೋದಿಲ್ಲ. ಕಾಲು ಕಾಲಿಗೆ ಉಜ್ಜಿಕೊಂಡು ಬರ್ತಾರೆ. ಹಡಗು ಬಾಗಿಲಲ್ಲಿ ನಿಂತಿರುವಾಗ ಕೂತು ಆಷಾಢ ಮಾಡುವ ಧೈರ್ಯ ಯಾರಿಗಿರ್ತದೆ? ನಿಜವಾಗಿ ಸಂಸಾರ ಮಾಡುವವರಿಗೆ ಮಾತ್ರ."

ಇನಾಮದಾರರು ನಾಲ್ಕು ಅಂಗೈಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿದರು.

"ಬರೋ ವರ್ಷನೂ ಆಷಾಢ ಮಾಡಾಕೀ ಏನವಾ?"

"ಮೊದಲ ವರ್ಷ ಮಾತ್ರ ಸಾರ್."

"ಪುಣ್ಯಾ ಬಂತು," ಎಂದು ಅವರು ಪಕ್ಕದ ಸದಸ್ಯರತ್ತ ಬಗ್ಗಿ ಏನೋ ಕೇಳಿದರು. ಆ ಸದಸ್ಯರು ನಕ್ಕು ತಲೆಯಾಡಿಸಿದರು. "ಒಂದು ನೆಲ ಅನ್ನೋದರಾಗ ಒಂದು ಅಡಿಗಿನೂ ಬಂತು ಅಂತ ಮಂಡಳಿ ಅರ್ಥ ಮಾಡಿಕೊಳ್ತೈತಿ. ಹೋಗ್ರಿ, ಕಾಯಂ ಇರ್ರಿ."

ಶಿವನಂಜಮ್ಮ ಗೋಡೆಯ ಮೇಲೆ ಬೆಳಗುತ್ತಿದ್ದ ತನ್ನ ಅಂಗೈಗೆ ತಾನೇ ಕೈ ಮುಗಿದಳು. ಅವಳು ಮುಗಿದದ್ದು ಅಂಗೈಗಲ್ಲ, ಅದರೊಳಗೆ ಹೊಳೆಯುತ್ತಿದ್ದ ಅತ್ತೆಯ ಹೆಪ್ಪಿಗೆ.

*

ಹಡಗು ಹೋಯಿತು. ಕೆಲವು ದಿನಗಳ ಮೇಲೆ ಗುಮ್ಮಟದ ಅಂಚಿನಲ್ಲಿ ಸೂರ್ಯ ಮೂಡಿದ. ಬೂದು ಬೆಟ್ಟದ ನೆತ್ತಿಗೆ ವಿಭೂತಿ ಎಳೆದಂತೆ ಬೆಳಕು ಬಿತ್ತು. ಶಿವನಂಜಮ್ಮ ದೀಪ ಆರಿಸಿ, ಗಾಳಿಬಾಗಿಲಿಗೆ ಕುಂಕುಮ ಇಡಲು ಕದ ತೆರೆದಳು.

ಆಚೆ ಫ್ಲೋರಿನ್ ನಿಂತಿದ್ದಳು. ಬೂಟು ಆಗಲೇ ಬಿಚ್ಚಿಟ್ಟಿದ್ದಳು. ಕೈಯಲ್ಲಿ ಅದೇ ಗಾಜಿನ ಬಟ್ಟಲು.

"ಬೆಳಗಾಯ್ತಲ್ಲ ಅಮ್ಮ. ಹೆಪ್ಪಿಗೆ ಬಂದೆ. ಪರೀಕ್ಷೆಗಲ್ಲ, ನನಗೇ."

ಶಿವನಂಜಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮ್ಮನೇಲಿ ಕೂತು ಉಂಡ ಮ್ಯಾಲೂ, ಹೊರಗಿನೋಳಂಗೆ ಹೊತ್ತು ಹುಟ್ಟೋಗಂಟ ಕಾದ್ಯೇನೇ?"

ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ನಡೆದಳು. ಹೊಸ್ತಿಲು ದಾಟಲೋ ಬೇಡವೋ ಎಂದು ಒಂದು ಗಳಿಗೆ ನಿಂತಿದ್ದ ಫ್ಲೋರಿನ್, ಬರಿಗಾಲಲ್ಲಿ ಅವಳ ಹಿಂದೆಯೇ ದಾಟಿದಳು.